ಮಂಜುನಾಥ ಅಂದರೆ ಯಾವ ಮಂಜುನಾಥ?

ನಮ್ಮಕ್ಕನ ಮಗ ಎಂಟು ವರ್ಷದಿಂದ ಅಮೆರಿಕದಲ್ಲಿದ್ದ. 2025ರ ನವೆಂಬರಿನಲ್ಲಿ ಅಪ್ಪನ ತಿಥಿಗೆ ಅಂತ ಶಿಡ್ಲಘಟ್ಟಕ್ಕೆ ಬಂದ. ವಡೆ, ಪಾಯಸ ಉಂಡ. ಅಷ್ಟೇ ನೋಡಿ, ಅಪಾಯಕಾರಿ ಆಗಿಬಿಟ್ಟ.

ಅಲ್ಲೇ ಇದ್ದಷ್ಟು ದಿನ ಯಾರಿಗೂ ಭಯವಿರಲಿಲ್ಲ. ಟ್ಯಾಕ್ಸ್ ಕಟ್ಟುತ್ತಿದ್ದ, ಅವರ ಬ್ಯಾಂಕುಗಳ ಕಂಪ್ಯೂಟರಿಗೆ ಕೈ ಹಾಕುತ್ತಿದ್ದ. ವೀಸಾ ಮುದ್ರೆ ಹೊಸದು ಮಾಡಿಸಿಕೊಳ್ಳಬೇಕು ಅಂದಾಗಲೇ ಅವರಿಗೆ ಅನುಮಾನ ಬಂದದ್ದು: ಇವನು ಯಾರು?

ಸುದ್ದಿ ನೀವೂ ಓದಿರುತ್ತೀರಿ. ಡಿಸೆಂಬರ್ 15ರಿಂದ ಎಚ್-1ಬಿ, ಅಂದರೆ ಅಲ್ಲಿ ಕೆಲಸ ಮಾಡುವ ವೀಸಾ, ಕೇಳುವವರೂ ಅವರ ಹೆಂಡತಿ ಮಕ್ಕಳೂ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಎಲ್ಲದರ ಬಾಗಿಲು ತೆಗೆದಿಡಬೇಕು. ವೀಸಾ ಕೊಡುವ ಸಾಹೇಬರು ಒಳಗೆ ಬಂದು ಓದುತ್ತಾರೆ. ಅಷ್ಟು ಓದುವುದಕ್ಕೆ ಟೈಮ್ ಬೇಕಲ್ವಾ? ಹಾಗಾಗಿ ಡಿಸೆಂಬರಿನ ಎಷ್ಟೋ ಸಂದರ್ಶನಗಳು ಮಾರ್ಚಿಗೆ, ಅದರಾಚೆಗೆ ಹೋದವು. ನಮ್ಮವನದೂ ಹೋಯಿತು.

ನನಗೆ ಆ ಸಾಹೇಬರ ಬಗ್ಗೆಯೇ ಕನಿಕರ. ನಮ್ಮ ಹುಡುಗನ ಫೇಸ್‌ಬುಕ್ಕಿನಲ್ಲಿ ಅವನು ಬರೆದದ್ದು ಕಡಿಮೆ, ಅಕ್ಕ ಬರೆದದ್ದೇ ಜಾಸ್ತಿ. 'ನಾಲ್ಕನೇ ಜ್ವರ ಎದ್ದಿದೆ ಮಗಾ. ಇನ್ನೊಂದು ವಾರಕ್ಕೆ ಹಣ್ಣಾಗುತ್ತೆ. ಚಂದ್ರಿಕೆಗೆ ಬಿಟ್ಟು ಗುರುವಾರ ಮಾರ್ಕೆಟ್ಟಿಗೆ ಹಾಕ್ತೀವಿ.' ರೇಷ್ಮೆ ಹುಳ ಕಂಡ ನಿಮಗೆ ಗೊತ್ತು, ಇದು ಗೂಡಿನ ವಿಷಯ: ಜ್ವರ ಅಂದರೆ ಹುಳ ಪೊರೆ ಬಿಡುವುದು, ಹಣ್ಣಾಗುವುದು ಅಂದರೆ ಗೂಡು ಕಟ್ಟಲು ಸಿದ್ಧವಾಗುವುದು, ಚಂದ್ರಿಕೆ ಅಂದರೆ ಗೂಡು ಕಟ್ಟಲು ಹುಳ ಬಿಡುವ ತಟ್ಟೆ. ಅಲ್ಲಿ ಕೂತವನಿಗೆ? ಜ್ವರ ಯಾರಿಗೆ? ಈ ಚಂದ್ರಿಕೆ ಯಾರು? ಗುರುವಾರ ಮಾರ್ಕೆಟ್ಟಿಗೆ ಹಾಕುವುದು ಏನನ್ನು? ಅಕ್ಕನ ಹೆಸರಿನಲ್ಲೂ ಒಂದು ಫೈಲು ತೆರೆದಿರಬಹುದು.

ಇನ್ನು ಹೆಸರು. ಬೇರೆ ಹೆಸರು ಯಾಕೆ, ಹುಡುಗನನ್ನು ಮಂಜುನಾಥ ಅಂತಲೇ ಅನ್ನೋಣ. ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ 'ಲೇ ಮಂಜಾ' ಅಂತ ಕೂಗಿದರೆ ಎರಡು ಬಸ್ಸು ಖಾಲಿಯಾಗುತ್ತವೆ. ಹಿಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಫಾರಂ ಕೇಳುತ್ತದೆ, ನಿಮ್ಮ ಸರ್‌ನೇಮ್ ಏನು? ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ಎಫ್‌ಎನ್‌ಯು ಅಂತ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ನಾಮಕರಣದ ದಿನ ಕಿವಿಯಲ್ಲಿ ಮೂರು ಸಲ ಹೇಳಿದ್ದು ದಂಡ.

ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಇವತ್ತು ಅರ್ಜಿ ಹಾಕಿದ್ದರೆ ಏನು ಕಥೆ ಯೋಚಿಸಿ. ಹುಟ್ಟಿದ್ದು ಇಲ್ಲಿ. ಹೆಸರಿನ ಮುಂದಿರುವ ಮೋಕ್ಷಗುಂಡಂ ಆಂಧ್ರದ ಊರು. ಅದಕ್ಕೂ ಮುಂದೆ 'ಸರ್'. ಮೊದಲ ಹೆಸರು ಸರ್, ಕೊನೆಯ ಹೆಸರು ಹೊಂದುತ್ತಿಲ್ಲ, ಅಣೆಕಟ್ಟಿನ ಬಗ್ಗೆ ಅತಿಯಾದ ಆಸಕ್ತಿ. ಕಾಯಿರಿ ಸ್ವಾಮಿ.

ಹುಡುಗ ಹುಟ್ಟಿದ್ದು ಕೋಲಾರ ಜಿಲ್ಲೆ, ಊರು ಇರುವುದು ಚಿಕ್ಕಬಳ್ಳಾಪುರ ಜಿಲ್ಲೆ. ಮನೆ ಒಂದಡಿಯೂ ಜರುಗಿಲ್ಲ. 2007ರಲ್ಲಿ ಜಿಲ್ಲೆಯೇ ಜರುಗಿತು. ಇದನ್ನು ಬೆರಳಚ್ಚು ತೆಗೆದುಕೊಳ್ಳುವ ಕಿಟಕಿಯಲ್ಲಿ ನಿಂತು ವಿವರಿಸಿ ನೋಡೋಣ.

ಹೆಸರು ಹುಡುಕುವ ಈ ಕಾಯಿಲೆ ಹಳೆಯದು. 2001ರಲ್ಲಿ ನ್ಯೂಯಾರ್ಕಿನ ಅವಳಿ ಕಟ್ಟಡ ಬಿದ್ದ ಮೇಲೆ ಎಫ್‌ಬಿಐನವರು, ಅಲ್ಲೇ ನೆಲೆಸಲು ಗ್ರೀನ್ ಕಾರ್ಡ್ ಕೇಳಿದವರ ಹೆಸರನ್ನು ಹಳೇ ಕಾಗದದ ಫೈಲುಗಳಲ್ಲೆಲ್ಲ ಹುಡುಕಿದರು. ಕೆಲವರು ವರ್ಷಗಟ್ಟಲೆ ಕಾದರು. ಕೊನೆಗೆ 2008ರ ಫೆಬ್ರವರಿಯಲ್ಲಿ ಒಂದು ದಾರಿ ಹುಡುಕಿದರು. ಹೆಸರಿನ ತಪಾಸಣೆ 180 ದಿನ ದಾಟಿದರೆ, ಉಳಿದದ್ದೆಲ್ಲ ಸರಿಯಿದ್ದವರಿಗೆ ಕಾರ್ಡ್ ಕೊಟ್ಟುಬಿಡಿ, ಆಮೇಲೆ ಏನಾದರೂ ಸಿಕ್ಕರೆ ನೋಡೋಣ ಅಂತ. ಕಾದವರು ಅಷ್ಟೂ ದಿನ ಇದ್ದದ್ದು ಎಲ್ಲಿ? ಅಮೆರಿಕದಲ್ಲೇ. ಕಳ್ಳ ಅಂತ ಅನುಮಾನ, ಆದರೆ ಅಟ್ಟದ ಮೇಲೇ ಹಾಸಿಗೆ.

ಅಂತೂ ಸಂದರ್ಶನ ಮುಗಿಯಿತು. ಕೈಗೆ 221 ಜಿ ಚೀಟಿ ಬಂತು. ಇನ್ನೂ ಪರಿಶೀಲನೆ ಇದೆ ಅಂತ. ವೆಬ್‌ಸೈಟಿನಲ್ಲಿ ನೋಡಿದರೆ 'ನಿರಾಕರಿಸಲಾಗಿದೆ'. ಕೆಳಗೆ ಸಣ್ಣಕ್ಷರದಲ್ಲಿ, ಪರಿಶೀಲನೆ ಮುಗಿದ ಮೇಲೆ ಬದಲಾಗಬಹುದು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, 'ಬೇಡ, ಆದರೆ ಊರಿಗೆ ಹೋಗಿ ಕಾಗದ ಬರೀತೀವಿ' ಅಂದ ಹಾಗೆ.

ನಮ್ಮ ಪೊಲೀಸಪ್ಪನೇ ವಾಸಿ. ಪಾಸ್‌ಪೋರ್ಟ್ ವಿಚಾರಣೆಗೆ ಬಂದವನು ಪಕ್ಕದ ಮನೆ ಅಜ್ಜಿಯನ್ನು ಕೇಳಿದ, 'ಹುಡುಗ ಹೆಂಗವ್ವಾ?' 'ಹುಡುಗ ಚಿನ್ನ, ಅವರಮ್ಮನ ಬಾಯೇ ಜೋರು' ಅಂದಳು. ಎರಡು ಸಹಿ, ಒಂದು ಟೀ, ಮುಗಿಯಿತು. ಅಜ್ಜಿಯ ವರದಿಯಲ್ಲಿ ಇವತ್ತಿಗೂ ಒಂದಕ್ಷರ ತಪ್ಪಿಲ್ಲ.

ತಪಾಸಣೆ ಬೇಡ ಅಂತ ಯಾರೂ ಹೇಳುತ್ತಿಲ್ಲ. ಮಾಡಿ. ಆದರೆ ಯಾವಾಗ ಮುಗಿಯುತ್ತೆ ಅಂತ ಹೇಳಿ. ಯಾರನ್ನು ಕೇಳಬೇಕು ಅಂತಾದರೂ ಹೇಳಿ. ಮೇಲ್ ಕಳಿಸಿದರೆ ಯಂತ್ರ ಉತ್ತರ ಕೊಡುತ್ತದೆ. ಅವನ ಹೆಂಡತಿ, ಮೂರು ವರ್ಷದ ಮಗು ಅಲ್ಲಿದ್ದಾರೆ. ಕಾರಿನ ಕಂತು ಅಲ್ಲಿದೆ. ಕಂಪನಿಯವರು ಎಷ್ಟು ದಿನ ಅಂತ ಕಾಯುತ್ತಾರೆ? ಇದರಲ್ಲಿ ತಮಾಷೆ ಮಾಡೋಕೆ ಏನಿದೆ ಅಂತ ನನಗೂ ಗೊತ್ತಾಗುತ್ತಿಲ್ಲ.

ಅವನು ಬಂದ ಮೇಲೆ ಅಕ್ಕ ಎರಡು ಬೆಳೆ ಗೂಡು ಎತ್ತಿದಳು. ಹುಳ ಮೊಟ್ಟೆಯೊಡೆದು, ನಾಲ್ಕು ಜ್ವರ ದಾಟಿ, ಗೂಡು ಕಟ್ಟುವುದಕ್ಕೆ ಸುಮಾರು ಒಂದು ತಿಂಗಳು. ಸೋಮವಾರ ಮತ್ತೆ ಚಾಕಿ, ಅಂದರೆ ಮರಿಹುಳ, ತಂದಿದ್ದಾಳೆ. ಬೆಳಿಗ್ಗೆ ಎದ್ದು ಸೊಪ್ಪು ಕೊಯ್ಯುವುದು ಈಗ ಅವನೇ. ಒಂದಾಳಿನ ಕೂಲಿ ಉಳಿಯಿತು ಅಂತ ಅಕ್ಕ. ಆ ಕೂಲಿಯಲ್ಲಿ ಅಲ್ಲಿನ ಮನೆ ಬಾಡಿಗೆ ಕಟ್ಟೋಕಾಗುತ್ತಾ ಅಂತ ಅವನು ಲೆಕ್ಕ ಹಾಕುತ್ತಿದ್ದಾನೆ.