ಜರ್ಮನರಿಗೆ ಬೇಕಾದ ಮುತ್ತಜ್ಜಿ ಹೆಸರು ನಮಗೆ ಯಾಕೆ ಬೇಡ?

ಹೋದ ತಿಂಗಳು ಎದುರು ಮನೆಯ ಬಾಲ್ಕನಿಯಲ್ಲಿ ಒಂದು ಹಗ್ಗ ಕಟ್ಟಿದ್ದರು. ಹಗ್ಗದಲ್ಲಿ ಕೂಸಿನ ಆರು ಪುಟ್ಟ ಅಂಗಿ, ಒಂದೊಂದರ ಮೇಲೂ ಒಂದೊಂದು ಅಕ್ಷರ. ಪಕ್ಕದಲ್ಲಿ ಮರದ ಹಲಗೆಯ ಕೊಕ್ಕರೆ. ಅದರ ಹೊಟ್ಟೆಯ ಮೇಲೆ ಮಗು ಹುಟ್ಟಿದ ದಿನ, ಗಂಟೆ, ತೂಕ 3,420 ಗ್ರಾಂ, ಉದ್ದ 51 ಸೆಂಟಿಮೀಟರ್. ನಾವಿರುವ ಜರ್ಮನಿಯ ಸ್ಟುಟ್‌ಗಾರ್ಟ್ ಕಡೆ ಮಗು ಹುಟ್ಟಿದ ಮನೆಗಳಲ್ಲಿ ಇಂಥ ಕೊಕ್ಕರೆ ನಿಂತಿರುತ್ತದೆ. ಆರು ಅಂಗಿಯ ಅಕ್ಷರ ಕೂಡಿಸಿ ಓದಿದೆ. ಫ್ರೀಡಾ.

ನನ್ನ ಹೆಂಡತಿಗೆ ಈಗ ಎಂಟು ತಿಂಗಳು. ಹೆಣ್ಣು ಮಗು ಅಂತ ಇಲ್ಲಿನ ಡಾಕ್ಟರೇ ಹೇಳಿದ್ದಾರೆ. ಹಾಗಾಗಿ ನಮ್ಮ ಮನೆಯಲ್ಲೂ ಮೂರು ಹೊತ್ತು ಹೆಸರಿನದೇ ಮಾತು. ಇಲ್ಲಿನ ಕನ್ನಡದ ಗೆಳೆಯರು ಸಿಕ್ಕಾಗೆಲ್ಲ ಒಂದೇ ಬುದ್ಧಿ ಹೇಳುತ್ತಾರೆ. ಸುಮ್ನೆ ಜರ್ಮನ್ ಹೆಸರು ಇಟ್ಟುಬಿಡಿ, ಎಮಿಲಿಯಾ, ಲಿಯಾ, ಇಲ್ಲಾಂದ್ರೆ ಎರಡೂ ಕಡೆ ನಡೆಯೋ ಮಾಯಾ, ನೀನಾ. ಅವರು ಹೇಳುವ ಕಾರಣ ಸುಳ್ಳೇನಲ್ಲ. ಇಂಗ್ಲಿಷಿನ ಜೆ ಅಕ್ಷರ ಇವರ ಬಾಯಲ್ಲಿ ಯ ಆಗುತ್ತದೆ. ಗೆಳೆಯನ ಮಗ ಜಯಂತ ಶಿಶುವಿಹಾರದಲ್ಲಿ ಮೊದಲ ದಿನವೇ ಯಯಂತ್ ಆದ. ಮನೆಗೆ ಬಂದು, ನನ್ನ ಹೆಸರು ಯಾವುದು ಅಂತ ಅಮ್ಮನನ್ನು ಕೇಳಿದನಂತೆ. ಅದನ್ನು ಕೇಳಿ ನನಗೂ ಕರುಳು ಚುರುಕ್ಕೆಂದಿತು.

ಎದುರು ಮನೆಗೆ ಮಗು ನೋಡಲು ಹೋದಾಗ ಫ್ರೀಡಾ ಎಂದರೇನು ಅಂತ ಕೇಳಿದೆ. ಮಗುವಿನ ತಾಯಿ ಎದ್ದು ಹೋಗಿ ಒಂದು ಫೋಟೋ ತಂದರು. ಕಪ್ಪು ಬಿಳುಪು, ಮೂಲೆ ಮಡಚಿದ್ದು. ತಲೆಗೆ ಬಟ್ಟೆ ಕಟ್ಟಿದ ಹೆಂಗಸು ಆಲೂಗಡ್ಡೆ ಹೊಲದಲ್ಲಿ ಬುಟ್ಟಿ ಹಿಡಿದು ನಿಂತಿದ್ದಾಳೆ. ‘ನನ್ನ ಮುತ್ತಜ್ಜಿ. ಅವಳ ಹೆಸರೇ ಇವಳಿಗೆ’ ಎಂದರು.

ಇದು ಒಂದು ಮನೆಯ ಕತೆಯಲ್ಲ. ನನ್ನ ಆಫೀಸಿನ ಹಿರಿಯರೆಲ್ಲ ಜ಼ಬೀನೆ, ಪೆಟ್ರಾ, ಥೋಮಸ್. ಅವರ ಮೊಮ್ಮಕ್ಕಳು ಈಡಾ, ಎಮಿಲ್, ಆಂಟೋನ್, ಮಟಿಲ್ಡಾ. ನೂರು ವರ್ಷದ ಹಿಂದೆ ಹಳ್ಳಿಹಳ್ಳಿಯಲ್ಲಿ ಇದ್ದ ಹೆಸರುಗಳು. ನಡುವೆ ಎರಡು ತಲೆಮಾರು ಅವನ್ನು ಯಾರೂ ಮುಟ್ಟಲಿಲ್ಲ. ಈಗ ಮತ್ತೆ ತೊಟ್ಟಿಲಿಗೆ ಬಂದಿವೆ. ನಮ್ಮ ಕಡೆ ನೋಡಿ. ಬೆಂಗಳೂರಿನಲ್ಲಿ ನನ್ನ ಅಕ್ಕನ ಅಪಾರ್ಟ್‌ಮೆಂಟಿನ ಮಕ್ಕಳು ವಿಹಾನ್, ಕಿಯಾನ್, ಕಿಯಾರಾ. ಹೆಸರು ಕೇಳಿದರೆ ಯಾವ ಊರಿನ, ಯಾವ ಭಾಷೆಯ ಮಗು ಅಂತ ಹೇಳಕ್ಕಾಗಲ್ಲ. ರಂಗಮ್ಮ, ನಂಜುಂಡ ಅಂತ ಕೂಗಿದರೆ ತಿರುಗಿ ನೋಡುವ ಒಂದು ಮಗುವೂ ಅಲ್ಲಿಲ್ಲ. ಜರ್ಮನರು ಮುತ್ತಜ್ಜಿಯನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ, ನಾವು ಅಜ್ಜಿಯನ್ನೇ ಬಿಟ್ಟು ಓಡುತ್ತಿದ್ದೇವೆ. ನನಗೆ ಇದು ನಿಜವಾಗಿಯೂ ನೋವಿನ ವಿಷಯ.

ನಮ್ಮ ಹೆಸರನ್ನು ಇಲ್ಲಿನ ಕಚೇರಿಯವರು ಒಪ್ಪಲ್ಲ ಅಂತ ಹೆದರಿಸುವವರೂ ಇದ್ದಾರೆ. ಜನನ ನೋಂದಣಿ ಮಾಡುವ ಷ್ಟಾಂಡೆಸಾಮ್ಟ್‌ನವರು ಹೆಸರು ನೋಡಿಯೇ ಬರೆದುಕೊಳ್ಳುವುದು, ನಿಜ. ಹೆಸರಿನಿಂದ ಮಗುವಿಗೆ ತೊಂದರೆಯಾಗುತ್ತದೆ ಅನ್ನಿಸಿದರೆ ಬೇಡ ಎನ್ನುತ್ತಾರೆ. ಹಿಂದೆ ಒಬ್ಬರು ಮಗಳಿಗೆ ಕಿರಣ್ ಅಂತ ಹೆಸರಿಟ್ಟಾಗ, ಇದರಲ್ಲಿ ಗಂಡೋ ಹೆಣ್ಣೋ ಗೊತ್ತಾಗಲ್ಲ ಅಂತ ತಡೆದಿದ್ದರು. ಆ ತಂದೆ ತಾಯಿ ಬಿಡಲಿಲ್ಲ. ಕಾರ್ಲ್‌ಸ್ರೂಹೆಯಲ್ಲಿರುವ ಸಂವಿಧಾನ ನ್ಯಾಯಾಲಯದವರೆಗೂ ಹೋದರು. 2008ರಲ್ಲಿ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ನಮ್ಮ ದೇಶದ ಒಂದು ಹೆಸರಿಗಾಗಿ ಅಷ್ಟು ದೂರ ಹೋದವರಿದ್ದಾರೆ, ನಾವು ಶಿಶುವಿಹಾರದ ಟೀಚರಿಗೆ ಕಷ್ಟ ಆಗುತ್ತದೆ ಅಂತ ಹೆಸರು ಬಿಡಬೇಕಾ?

ಇಲ್ಲಿ ನಿಧಾನಕ್ಕೆ ಯೋಚಿಸೋಣ ಅನ್ನುವ ಹಾಗೂ ಇಲ್ಲ. ಮಗು ಹುಟ್ಟಿದ ವಾರದೊಳಗೆ ನೋಂದಣಿ, ಹೆಸರಿಗೆ ಒಂದು ತಿಂಗಳು. ಊರಲ್ಲಾದರೆ ಹೆಸರಿನ ಜಾಗ ಖಾಲಿ ಬಿಟ್ಟು ನೋಂದಣಿ ಮಾಡಿಸಿ, ಪುಟ್ಟಿ, ಪಾಪು ಅಂತ ಕರೆಯುತ್ತಾ ಇರಬಹುದು. ಸೇರಿಸಲು 15 ವರ್ಷದವರೆಗೂ ಅವಕಾಶ ಇದೆ.

ಅದಕ್ಕೇ ಎದುರು ಮನೆಗೆ ಹೋಗಿಬಂದ ಸಂಜೆಯೇ ಮಂಡ್ಯಕ್ಕೆ ಫೋನ್ ಮಾಡಿದೆ. ‘ಅವ್ವ, ಮಗೂಗೆ ಅಜ್ಜಿ ಹೆಸರೇ ಇಡ್ತೀನಿ. ಸಾಕಮ್ಮ.’

ನನ್ನನ್ನು ಎತ್ತಿ ಆಡಿಸಿದ ಅಜ್ಜಿ, ಅಪ್ಪನ ತಾಯಿ. ಅವ್ವ ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ.

‘ಬ್ಯಾಡ ಮಗಾ.’

‘ಯಾಕವ್ವ? ಇಲ್ಲಿ ಯಾರೂ ನಗಲ್ಲ.’

‘ನಗೋದಲ್ಲ ಕಣೋ. ಆ ಹೆಸರು ಯಾಕೆ ಇಟ್ರು ಅಂತ ನಿಂಗೆ ಗೊತ್ತಾ? ನಿಮ್ಮಜ್ಜಿ ಐದನೇ ಹೆಣ್ಣು. ಸಾಕಪ್ಪಾ ದೇವ್ರೇ ಅಂತ ಇಟ್ಟಿದ್ದು. ಒಂದಿನ ಒಳಕಲ್ಲಿನ ಮುಂದೆ ಕೂತು ನನ್ನ ಹತ್ರ ಅವ್ರೇ ಹೇಳ್ಕೊಂಡು ಅತ್ತಿದ್ರು. ಹುಟ್ಟೋ ಮಗೂಗೆ ಅದ್ಯಾಕೆ?’

ನನಗೆ ಏನು ಹೇಳಬೇಕೋ ತೋಚಲಿಲ್ಲ. ಮೂವತ್ತು ವರ್ಷ ಆ ಹೆಸರು ಕೇಳಿದ್ದೆ, ಒಂದು ದಿನವೂ ಅದರ ಅರ್ಥ ನೋಡಿರಲಿಲ್ಲ. ಆಮೇಲೆ ಒಂದೊಂದೇ ನೆನಪಾಯಿತು. ನಮ್ಮೂರಲ್ಲಿ ಕರಿಯ, ಕೆಂಪ ಎನ್ನುವವರನ್ನು ಚಿಕ್ಕ ಹುಡುಗರೂ ಏಕವಚನದಲ್ಲೇ ಕೂಗುತ್ತಿದ್ದರು. ಅವರು ತಮ್ಮ ಮಕ್ಕಳಿಗೆ ಹೊಸ ಹೆಸರು ಇಟ್ಟದ್ದು ಷೋಕಿಗಲ್ಲ, ಮರ್ಯಾದೆಗೆ. ಅವರನ್ನು ನಾನು ಯಾವ ಬಾಯಲ್ಲಿ ದೂರಲಿ? ಜರ್ಮನರೂ ಹಳೆಯದನ್ನೆಲ್ಲ ತಿರುಗಿ ತಂದಿಲ್ಲ. ಅಡಾಲ್ಫ್ ಎಂಬ ಹೆಸರು ತೊಟ್ಟಿಲಿಗೆ ಬರಲಿಲ್ಲ. ತೊಂಬತ್ತರ ದಶಕದಲ್ಲಿ ಆಸೆಯಿಂದ ಕೆವಿನ್ ಅಂತ ಹೆಸರಿಟ್ಟ ಮನೆಗಳ ಮಕ್ಕಳನ್ನು ಇವರೂ ಕೀಳಾಗಿ ನೋಡಿದರು. ಇಷ್ಟನ್ನು ಒಪ್ಪಲೇಬೇಕು.

ಆದರೂ ಎಮಿಲಿಯಾ ಇಡಲು ನನಗೆ ಮನಸ್ಸಿಲ್ಲ.

ಎರಡು ದಿನ ಬಿಟ್ಟು ಅವ್ವನೇ ಫೋನ್ ಮಾಡಿದಳು. ಬಾಣಂತನಕ್ಕೆ ಬರುವಾಗ ಏನೇನು ತರಬೇಕು ಅಂತ ಕೇಳಿ, ಆಮೇಲೆ ಮೆಲ್ಲಗೆ ‘ನಮ್ಮಜ್ಜಿ ಹೆಸ್ರು ಚೆಲುವಮ್ಮ. ಮೇಲುಕೋಟೆ ಚೆಲುವರಾಯನ ಹೆಸ್ರು. ಎಲ್ರೂ ಚೆಲುವಿ ಅಂತ್ಲೇ ಕರೀತಿದ್ದುದು’ ಎಂದಳು. ಅಷ್ಟೇ, ಇಡು ಅಂತ ಹೇಳಲಿಲ್ಲ.

ಹೆಂಡತಿ ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೇಳಿ ನೋಡಿದಳು. ಮಾರನೇ ದಿನ ಎದುರು ಮನೆಯಾಕೆಯ ಹತ್ತಿರ ಹೇಳಿಸಿದೆವು. ಚ ಬರೆಯಲು ಇವರಿಗೆ ನಾಲ್ಕು ಅಕ್ಷರ ಬೇಕು. ಆದರೆ ಕೇಳಿಸಿಕೊಂಡ ಮೇಲೆ ಆಕೆ ಒಂದೇ ಸಲಕ್ಕೆ ಸರಿಯಾಗಿ ಚೆಲುವಿ ಎಂದರು. ಫ್ರೀಡಾ ತೊಡೆಯ ಮೇಲೆ ಮಲಗಿತ್ತು. ತಮ್ಮ ಹಗ್ಗವನ್ನೂ ಕ್ಲಿಪ್ಪುಗಳನ್ನೂ ನಮಗೇ ಕೊಡುತ್ತೇನೆ, ಎಷ್ಟು ಅಂಗಿ ಬೇಕಾಗುತ್ತದೆ ಅಂತ ಕೇಳಿದರು. ಕನ್ನಡದಲ್ಲಿ ಬರೆದರೆ ಮೂರು, ಎಂದಳು ನನ್ನ ಹೆಂಡತಿ.