ಪೋರ್ಟ್ ನಂಬರ್ ಬದಲಿಸಿದರೆ ಮನೆಯ ಕ್ಯಾಮೆರಾ ಭದ್ರವೇ?

ಊರಿಗೆ ಹೋದಾಗ ಮನೆಯ ಕ್ಯಾಮೆರಾ, ಲೈಟುಗಳನ್ನು ಫೋನಲ್ಲೇ ನೋಡಿಕೊಳ್ಳಲು ರೂಟರ್‌ನಲ್ಲಿ ಪೋರ್ಟ್ (ಇಂಟರ್ನೆಟ್‌ನಿಂದ ಒಳಬರಲು ನಂಬರ್ ಇರುವ ಬಾಗಿಲು) ತೆರೆದು ಅದರ ನಂಬರ್ ಬದಲಿಸಿದರೆ ಸಾಕು ಅನ್ನೋ ಮೆಸೇಜ್ ಮತ್ತೆ ಮತ್ತೆ ಬರುತ್ತದೆ. ಕಳಿಸುವವರ ಕಾಳಜಿ ನಿಜ, ಆದರೆ ಮಾತು ತಪ್ಪು. ಇರುವುದೇ 65,535 ಪೋರ್ಟ್. ತೆರೆದ ಪೋರ್ಟ್ ಹುಡುಕುವ ಸ್ಕ್ಯಾನ್ ಪ್ರೋಗ್ರಾಂಗಳು ಎಲ್ಲವನ್ನೂ ತಟ್ಟಿ ನೋಡಬಲ್ಲವು. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ಹಾನಿ ಮಾಡುವ ಪ್ರೋಗ್ರಾಂ) ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳಿಗೆ ನುಗ್ಗಿದ್ದು ಕಂಪನಿ ಕೊಟ್ಟಿದ್ದನ್ನು ಬದಲಿಸದೇ ಬಿಟ್ಟ ಪಾಸ್‌ವರ್ಡ್‌ಗಳಿಂದ.

ನೀವೇ ಪರೀಕ್ಷಿಸಿ. ಮನೆಯ ವೈಫೈನಲ್ಲಿದ್ದಾಗ ಪಬ್ಲಿಕ್ ಐಪಿ (ಇಂಟರ್ನೆಟ್‌ನಲ್ಲಿ ನಿಮ್ಮ ಮನೆಯ ವಿಳಾಸದ ನಂಬರ್) ಬರೆದಿಟ್ಟುಕೊಳ್ಳಿ. ಆಮೇಲೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಬ್ರೌಸರ್‌ಗೆ ಆ ಐಪಿ, ಕೋಲನ್, ಪೋರ್ಟ್ ನಂಬರ್ ಹಾಕಿ. ಲಾಗಿನ್ ಪುಟ ಬಂತಾ? ನಿಮಗೆ ಬಂದದ್ದು ಯಾರಿಗೆ ಬೇಕಾದರೂ ಬರುತ್ತದೆ ಅಲ್ವಾ. ಆ ಪೋರ್ಟ್ ಮುಚ್ಚಿ, ವೈರ್‌ಗಾರ್ಡ್‌ನಂಥ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಬರುವ ಗೂಢಲಿಪಿಯ ದಾರಿ) ಹಾಕಿಕೊಳ್ಳಿ. ಸರಿಯಾದ ಕೀ ಇಲ್ಲದವರು ಎಷ್ಟು ತಟ್ಟಿದರೂ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ.