"ನಮ್ದೇನೈತ್ರಿ ಮುಚ್ಚಿಡಾಕ?" ಅನ್ನುವವರಿಗೆ

ಖಾಸಗಿತನದ ಮಾತು ತೆಗೆದರೆ ನಮ್ಮ ಕಡೆ ಮೊದಲು ಬರುವ ಪ್ರಶ್ನೆ ಇದು. ಕೇಳುವವರಿಗೆ ನಿಜವಾಗಿಯೂ ಮುಚ್ಚಿಡುವಂಥದ್ದು ಏನೂ ಇರಲಿಕ್ಕಿಲ್ಲ. ಆದರೆ ಹುಲಿಗಿಯ ಜೋಗಪ್ಪನಿಗೆ, ಮಾಜಿ ದೇವದಾಸಿ ಮಾಸಾಶನ ಪಡೆಯುವ ಕೊಪ್ಪಳದ ತಾಯಿಗೆ, ಜಾತಿ ಮೀರಿ ಮದುವೆಯಾಗಿ ರಾಯಚೂರಿನಲ್ಲಿ ಬಾಡಿಗೆ ಮನೆ ಹಿಡಿದಿರುವ ಜೋಡಿಗೆ ಒಂದು ಫೋನ್ ನಂಬರ್, ಒಂದು ವಿಳಾಸ ಹೊರಬಿದ್ದರೂ ಬದುಕು ಅಲುಗಾಡುತ್ತದೆ.

ಕೆ.ಎಸ್. ಪುಟ್ಟಸ್ವಾಮಿ ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಅವರ ಹೆಸರಿನ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ತೀರ್ಪಿನ ಇನ್ನೊಂದು ಮಾತನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಸಲಿಂಗಿಗಳು ಜನಸಂಖ್ಯೆಯಲ್ಲಿ ತೀರಾ ಕಡಿಮೆ ಎಂದು 2013ರಲ್ಲಿ ಅದೇ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವಾಗಿಯೇ ಉಳಿಸುವಾಗ ಕೊಟ್ಟಿದ್ದ ಕಾರಣವನ್ನು ಅದು ಒಪ್ಪಲಿಲ್ಲ. ಎಣಿಕೆಯಲ್ಲಿ ಕಡಿಮೆ ಇದ್ದರೆ ಹಕ್ಕು ಕಡಿಮೆಯಾಗದು. ನನ್ನ ನಿಲುವೂ ಅದೇ. ಖಾಸಗಿತನ ಮೊದಲು ಬೇಕಾಗುವುದು ಎಣಿಕೆಯಲ್ಲಿ ಕಡಿಮೆ ಇರುವವರಿಗೆ.

ಸೋರುವುದು ಎಲ್ಲಿ? ಹೆಚ್ಚಾಗಿ ಆನ್‌ಲೈನ್ ಸೆಂಟರಿನಲ್ಲಿ. "ಅಕ್ಕಾ, ಈ ನಂಬರಿಗೆ ಆಧಾರ್ ವಾಟ್ಸಾಪ್ ಮಾಡ್ರಿ" ಅನ್ನುತ್ತಾರೆ, ಮಾಡುತ್ತೇವೆ. ಆ ಪಿಡಿಎಫ್ ಅಂಗಡಿಯವರ ಫೋನಿನಲ್ಲಿ ಉಳಿಯುತ್ತದೆ, ವಾಟ್ಸಾಪ್ ವೆಬ್ ತೆರೆದಿರುವ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲೂ ಉಳಿಯುತ್ತದೆ. ಆಮೇಲೆ ನೀವು "ಡಿಲೀಟ್ ಫಾರ್ ಎವ್ರಿಒನ್" ಒತ್ತಿದರೂ ಕಂಪ್ಯೂಟರಿಗೆ ಇಳಿದ ಪ್ರತಿ ಹೋಗುವುದಿಲ್ಲ. ಪಾಸ್‌ವರ್ಡ್ ಇದೆಯಲ್ಲ ಅಂದರೆ, ಅದು ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಊರಲ್ಲಿ ಯಾರಿಗೆ ಗೊತ್ತಿರುವುದಿಲ್ಲ? ಮೈಆಧಾರ್ ತಾಣದಲ್ಲಿ ಡೌನ್‌ಲೋಡ್ ಮಾಡುವಾಗ "ಮಾಸ್ಕ್ಡ್ ಆಧಾರ್" ಟಿಕ್ ಮಾಡಿ. ಮೊದಲ 8 ಅಂಕಿ ಮರೆಯಾಗಿ ಕೊನೆಯ 4 ಮಾತ್ರ ಕಾಣುತ್ತವೆ. ಪೂರ್ತಿ ನಂಬರ್ ಬೇಕೇ ಬೇಕು ಅನ್ನುವ ಅರ್ಜಿಗಳೂ ಇವೆ. ಅಲ್ಲಿ ಕಾರ್ಡ್ ತೋರಿಸಿ, ಕೆಲಸ ಮುಗಿದ ಮೇಲೆ ಸ್ಕ್ಯಾನ್ ಆದ ಫೈಲನ್ನು ಶಿಫ್ಟ್ ಹಿಡಿದು ಡಿಲೀಟ್ ಒತ್ತಿಸಿ, ಎದುರಿಗೇ ನಿಂತು. ಬರೀ ಡಿಲೀಟ್ ಒತ್ತಿದರೆ ರೀಸೈಕಲ್ ಬಿನ್‌ನಲ್ಲಿ ಕೂತಿರುತ್ತದೆ.

ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯುವವರು ಆಧಾರಿನ ಬಯೋಮೆಟ್ರಿಕ್ ಲಾಕ್ (ಬೆರಳಚ್ಚನ್ನು ಯಾರೂ ಬಳಸದಂತೆ ಹಾಕುವ ಬೀಗ) ಮಾಡಿಡುವುದು ಒಳ್ಳೆಯದು. ಲಾಕ್ ಇದ್ದಾಗ ರೇಷನ್ ಅಂಗಡಿಯಲ್ಲೂ ಬೆರಳು ಹಿಡಿಯುವುದಿಲ್ಲ, ಹೋಗುವ ಮುಂಚೆ ತಾತ್ಕಾಲಿಕವಾಗಿ ತೆಗೆಯಬೇಕು. ಅದಕ್ಕೆ ಓಟಿಪಿ ಬೇಕು. ಆಧಾರಿಗೆ ಜೋಡಿಸಿದ ಸಿಮ್ ಚಾಲ್ತಿಯಲ್ಲಿ ಇಲ್ಲದಿದ್ದರೆ ಲಾಕ್ ಮಾಡುವ ಮಾತೇ ಬೇಡ.

ಮಾತುಕತೆಗೆ ನಾನು ಹೇಳುವುದು ಸಿಗ್ನಲ್ ಎಂಬ ಮೆಸೇಜ್ ಆ್ಯಪ್. ವಾಟ್ಸಾಪ್ ಬಳಸುವ ಗೂಢಲಿಪಿ ವಿಧಾನವೂ ಸಿಗ್ನಲ್‌ನವರದ್ದೇ. ಆದರೆ ಸಂದೇಶ ಓದಲು ಆಗದಿದ್ದರೂ ಯಾರು ಯಾರ ಜೊತೆ, ಯಾವಾಗ ಮಾತಾಡಿದರು ಅನ್ನುವುದೇ ಕೆಲವರಿಗೆ ಅಪಾಯ. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿ (ಅಪರಾಧದ ವಿಚಾರಣೆಗೆ ಕೂರುವ ನಾಗರಿಕರ ಮಂಡಳಿ) ಮಾಹಿತಿ ಕೇಳಿದಾಗ ಸಿಗ್ನಲ್ ಕೊಡಲು ಸಾಧ್ಯವಾದದ್ದು ಖಾತೆ ತೆರೆದ ಸಮಯ, ಕೊನೆಯ ಬಾರಿ ಸಂಪರ್ಕಕ್ಕೆ ಬಂದ ಸಮಯ, ಅಷ್ಟೇ. ಮಿಕ್ಕಿದ್ದನ್ನು ಅವರು ಇಟ್ಟುಕೊಂಡೇ ಇರಲಿಲ್ಲ. ಹಾಕಿಕೊಂಡ ಮೇಲೆ ಸೆಟ್ಟಿಂಗ್ಸ್, ಪ್ರೈವೆಸಿ, ಫೋನ್ ನಂಬರ್‌ಗೆ ಹೋಗಿ. ನಂಬರ್ ಯಾರಿಗೆ ಕಾಣಬೇಕು, ನಂಬರಿನಿಂದ ಯಾರು ಹುಡುಕಬಹುದು, ಎರಡಕ್ಕೂ "ನೋಬಡಿ" ಇಡಿ. ಯೂಸರ್‌ನೇಮ್ ಮಾಡಿಕೊಂಡು ಅದನ್ನೇ ಕೊಡಿ. ನೋಟಿಫಿಕೇಶನ್‌ನಲ್ಲಿ ಹೆಸರು, ಸಂದೇಶ ಎರಡೂ ಕಾಣದಂತೆ ಮಾಡಿ. ಒಂದೇ ಫೋನು ಮನೆಮಂದಿಯೆಲ್ಲ ಹಿಡಿಯುವ ಕಡೆ ಗುಟ್ಟು ರಟ್ಟಾಗುವುದು ಲಾಕ್ ಸ್ಕ್ರೀನಿನಲ್ಲೇ. ನಿಮ್ಮ ನಂಬರಿನಲ್ಲಿ ಬೇರೆಯವರು ಖಾತೆ ತೆರೆಯದಂತೆ ಪಿನ್ ಕೇಳುವ ರಿಜಿಸ್ಟ್ರೇಶನ್ ಲಾಕ್ ಕೂಡ ಹಾಕಿ. ಆದರೆ 7 ದಿನ ಆ್ಯಪ್ ಬಳಸದಿದ್ದರೆ ಅದು ಸಡಿಲವಾಗುತ್ತದೆ. ರೀಚಾರ್ಜ್ ಇಲ್ಲದೆ ಸಿಮ್ ಸತ್ತು ನಂಬರ್ ಬೇರೆಯವರ ಪಾಲಾದರೆ ಅವರು ಆ ನಂಬರಿನಲ್ಲಿ ಖಾತೆ ತೆರೆಯಬಹುದು. ಹಳೆಯ ಸಂದೇಶ ಸಿಗದು, ಹೊಸದಾಗಿ ಬರುವುದು ಅವರಿಗೇ ಹೋಗುತ್ತದೆ.

ಸಿಗ್ನಲ್ ಓಪನ್ ಸೋರ್ಸ್, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು. ಓಪನ್ ಸೋರ್ಸ್ ಅಂದಮಾತ್ರಕ್ಕೆ ಕಣ್ಣು ಮುಚ್ಚಿ ನಂಬಿ ಅನ್ನುತ್ತಿಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ, ಲಿನಕ್ಸ್ ಕಂಪ್ಯೂಟರುಗಳಲ್ಲಿ ಫೈಲ್ ಕುಗ್ಗಿಸುವ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಕಳ್ಳದಾರಿ ಸಿಕ್ಕಿತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಎಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಬಯಲಾಯಿತು. ಕೋಡ್ ಬಿಚ್ಚಿ ನೋಡಲು ಬಿಟ್ಟಿದ್ದರಿಂದಲೇ ಅವರು ಬೇರಿನವರೆಗೆ ಹೋಗಲು ಆದದ್ದು. ಗಮನಿಸಬೇಕಾದ್ದು ಇನ್ನೊಂದಿದೆ: ಆ ಕಳ್ಳದಾರಿಯನ್ನು ಚಾಲೂ ಮಾಡುವ ತುಣುಕು ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆ ಮಾಡಿದ ಫೈಲುಗಳ ಕಟ್ಟಿನಲ್ಲಿತ್ತು. ಹಾಗಾಗಿ ತೆರೆದ ಕೋಡಿನಿಂದಲೇ ಆ್ಯಪ್ ತಯಾರಾಗಿದೆಯೇ ಎಂದು ನೋಡಬೇಕು. ಎಫ್-ಡ್ರಾಯ್ಡ್ ಎಂಬ ಓಪನ್ ಸೋರ್ಸ್ ಆ್ಯಪ್ ಭಂಡಾರದ ಬಗ್ಗೆ ನನಗೆ ಗೌರವ ಇರುವುದು ಇದಕ್ಕೇ, ಅಲ್ಲಿನ ಆ್ಯಪ್‌ಗಳನ್ನು ಮೂಲ ಕೋಡಿನಿಂದ ಅವರೇ ಕಟ್ಟುತ್ತಾರೆ. ಕೀಬೋರ್ಡ್ ಅಲ್ಲಿಂದ ಹಾಕಿಕೊಳ್ಳಿ. ನೀವು ಒತ್ತುವ ಪ್ರತಿ ಅಕ್ಷರ ಅದಕ್ಕೆ ಗೊತ್ತಾಗುತ್ತದೆ. ಅಲ್ಲಿ ಸಿಗುವ ಹೆಲಿಬೋರ್ಡ್ ಎಂಬ ಕೀಬೋರ್ಡ್ ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ.

ಕೊನೆಗೆ ಫಲಾನುಭವಿಗಳ ಪಟ್ಟಿ ಗ್ರೂಪಿಗೆ ಹಾಕುವ ಅಣ್ಣಂದಿರಿಗೆ ಕೈಮುಗಿದು ಕೇಳುತ್ತೇನೆ. ಹೆಸರು, ಜಾತಿ, ಖಾತೆ ಸಂಖ್ಯೆ ಸಮೇತ ಪಟ್ಟಿ ಹಾಕಬೇಡಿ. ಅರ್ಜಿ ಸಂಖ್ಯೆ ಮತ್ತು ಮಂಜೂರಾಗಿದೆಯೋ ಇಲ್ಲವೋ, ಈ ಎರಡು ಕಾಲಂ ಸಾಕು. ಎಕ್ಸೆಲ್‌ನಲ್ಲಿ ಉಳಿದ ಕಾಲಂ ಹೈಡ್ ಮಾಡಿ ಫೈಲ್ ಕಳಿಸಿದರೆ ಯಾರು ಬೇಕಾದರೂ ಅನ್‌ಹೈಡ್ ಮಾಡಿ ನೋಡಬಹುದು. ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೂ ಕೆಳಗಿನ ಅಕ್ಷರ ಎಷ್ಟೋ ಸಲ ಕಾಪಿ ಆಗುತ್ತದೆ. ಬೇಡದ ಕಾಲಂಗಳನ್ನು ಪೂರ್ತಿ ಅಳಿಸಿ, ಬೇರೆ ಹೆಸರಲ್ಲಿ ಉಳಿಸಿ, ಆಮೇಲೆ ಪಿಡಿಎಫ್ ಮಾಡಿ ಹಾಕಿ.